ಪ್ರಸೀತಳ ಕೂಸು

ಮೊದಲು ಅಂಗೈ, ಆಮೇಲೆ ಕೈಯ ಹಿಂಬದಿ, ಬೆರಳುಗಳ ಸಂದು, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು, ಕೊನೆಗೆ ಮೊಣಕೈವರೆಗೆ. ನಲ್ಲಿಯ ಮೇಲೆ ಅಂಟಿಸಿದ ಚಿತ್ರದಲ್ಲಿ ಹೇಗಿತ್ತೋ ಹಾಗೇ ವತ್ಸರಾಜನ್ ಕೈ ತೊಳೆದ. ಎರಡು ನಿಮಿಷ ಸಾಕೆಂದು ಚಿತ್ರ ಹೇಳುತ್ತಿತ್ತು. ಅವನು ಒಮ್ಮೆ ಮುಗಿಸಿ, ಸಮಾಧಾನವಾಗದೆ, ಮತ್ತೆ ಅಂಗೈಯಿಂದ ಶುರುಮಾಡಿದ. ಹಿಂದೆ ಸರದಿಯಲ್ಲಿದ್ದ ಗಂಡಸು ಕೆಮ್ಮಿದ. ಇಲ್ಲಿ ಕೆಮ್ಮಬಾರದೆಂದು ಗೋಡೆಯ ಮೇಲೆ ಬರೆದಿದೆಯಲ್ಲ ಎಂದು ವತ್ಸರಾಜನಿಗೆ ಸಿಟ್ಟು ಬಂತು. ಬಂದ ಮರುಕ್ಷಣವೇ, ಗೋಡೆಯ ಮೇಲೆ ಬರೆದದ್ದರ ಬಗ್ಗೆ ಮಾತಾಡುವ ಯೋಗ್ಯತೆ ನಿನಗೆಲ್ಲಿದೆ ಎಂದು ತನ್ನನ್ನೇ ಕೇಳಿಕೊಂಡ. ಕೂಸು ಹುಟ್ಟಿ ಇವತ್ತಿಗೆ ಮೂವತ್ತನೆಯ ದಿನ. ನಿನ್ನೆ ಸಂಜೆ ಅವಳ ರಕ್ತಕ್ಕೆ ನಂಜು ತಗುಲಿದೆ ಎಂದು ಹೇಳಿ, ಹದಿನೆಂಟು ದಿನದ ಹಿಂದೆ ತೆಗೆದಿದ್ದ ಉಸಿರಾಟದ ಯಂತ್ರವನ್ನು ಮತ್ತೆ ಹಾಕಿದ್ದರು. ಆ ನಂಜು ತನ್ನ ಈ ಕೈಯಿಂದಲೇ ಹೋದದ್ದೆಂದು ಅವನಿಗೆ ಖಾತ್ರಿಯಿತ್ತು. ಯಾರಿಗೂ ಹೇಳಿರಲಿಲ್ಲ.

ಒಳಗೆ ಇಪ್ಪತ್ತೆರಡು ಗಾಜಿನ ಪೆಟ್ಟಿಗೆಗಳು. ಒಂಬತ್ತನೆಯದರ ಮೇಲೆ ಬಿಳಿ ಚೀಟಿಯಲ್ಲಿ 'ಪ್ರಸೀತಳ ಕೂಸು, ಹೆಣ್ಣು' ಎಂದು ಬರೆದಿತ್ತು. ಇಲ್ಲಿ ಯಾವ ಮಗುವಿಗೂ ಬೇರೆ ಹೆಸರಿರಲಿಲ್ಲ. ರಂಸೀನಳ ಕೂಸು, ಷೈನಿಯ ಕೂಸು ಒಂದು, ಷೈನಿಯ ಕೂಸು ಎರಡು. ಅವನ ಕೂಸು ಅಂಗಾತ ಮಲಗಿತ್ತು. ಮೊನ್ನೆ ಎಳೆಯ ಮಾವಿನ ಚಿಗುರಿನ ಬಣ್ಣವಿದ್ದ ಮೈ ಇವತ್ತು ಬೂದಿ ಬಣ್ಣಕ್ಕೆ ತಿರುಗಿ, ಕಾಲಿನ ಮೇಲೆ ಬಲೆ ಹಾಸಿದ ಹಾಗೆ ನೀಲಿ ಗೆರೆಗಳು ಎದ್ದಿದ್ದವು. ಬಾಯಿಗೆ ನಳಿಕೆ. ಎದೆ ಏರಿ ಇಳಿಯುತ್ತಿತ್ತು, ಆದರೆ ಅದು ಅವಳ ಉಸಿರಲ್ಲ, ಯಂತ್ರದ ಉಸಿರು. ತೀರಾ ಲೆಕ್ಕದ ಪ್ರಕಾರ ಏರಿಳಿಯುತ್ತಿತ್ತು. ತಾನೇ ಉಸಿರಾಡುತ್ತಿದ್ದಾಗ ಅವಳು ನಾಲ್ಕು ಸಲ ಎಳೆದು, ಒಂದು ಸಲ ಮರೆತು, ಯಾರೋ ಅಂಗಾಲು ತಟ್ಟಿದರೆ ಓಹೋ ಎಂದು ನೆನಪಿಸಿಕೊಂಡು ಮತ್ತೆ ಎಳೆಯುತ್ತಿದ್ದಳು. ಆ ಮರೆವೇ ವಾಸಿಯಿತ್ತು ಎನಿಸಿತು. ಅವನು ಪೆಟ್ಟಿಗೆಯ ಕಿಂಡಿ ತೆರೆಯಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ನಿಂತ. ಸಿಸ್ಟರ್ ತ್ರೇಸ್ಯಾಮ್ಮ ಔಷಧದ ಸಿರಿಂಜು ಬದಲಿಸುತ್ತಾ ಓರೆಗಣ್ಣಿನಲ್ಲಿ ನೋಡಿ, ಮುಟ್ಟಬಹುದು, ಮುಟ್ಟಿದರೆ ಒಳ್ಳೆಯದೇ ಎಂದರು. ಬೇಡ ಸಿಸ್ಟರ್, ಆಮೇಲೆ, ಎಂದ.

ತ್ರೇಸ್ಯಾಮ್ಮನಿಗೆ ಅವನ ಮೇಲೆ ಮೊದಲ ವಾರದಿಂದಲೇ ಒಂದು ಬಗೆಯ ತಮಾಷೆ. ಅವನಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ. ವಡಗರೆಯಿಂದ ಕೊಯಿಲಾಂಡಿಯವರೆಗಿನ ಅಂಗಡಿಗಳ ತಕ್ಕಡಿ ನೋಡಿ ಮುದ್ರೆ ಒತ್ತುವವನು. ಕೂಸನ್ನು ತೂಗುವ ಯಂತ್ರದ ಅಡಿಯಲ್ಲಿ ಮುದ್ರೆಯ ಅವಧಿ ಮುಗಿದದ್ದನ್ನು ಎರಡನೆಯ ದಿನವೇ ಕಂಡು, ಸುಮ್ಮನಿರಲಾಗದೆ ಹೇಳಿಬಿಟ್ಟಿದ್ದ. ಅವರು ಕೈಗವಸು ಕಳಚುತ್ತಾ, "ಅಪ್ಪಾ, ಈ ಬಾಗಿಲೊಳಗೆ ನೀವು ಇನ್‌ಸ್ಪೆಕ್ಟರ್ ಅಲ್ಲ. ಚಪ್ಪಲಿ ಜೊತೆ ಅದನ್ನೂ ಹೊರಗೆ ಬಿಟ್ಟು ಬನ್ನಿ," ಎಂದಿದ್ದರು. ಪಕ್ಕದ ರಂಸೀನ ಬಾಯಿಗೆ ಶಾಲು ಒತ್ತಿಕೊಂಡು ನಕ್ಕಿದ್ದಳು. ಅವನಿಗೆ ಕಿವಿ ಬಿಸಿಯಾಗಿತ್ತು. ಆದರೂ ದಿನವೂ ಆ ಯಂತ್ರದ ಅಂಕೆಗೇ ಕಾಯುತ್ತಿದ್ದ. ಒಂಬೈನೂರ ನಲವತ್ತು, ಎಂಟುನೂರ ಅರವತ್ತು, ಎಂಟುನೂರ ತೊಂಬತ್ತು. ಇಪ್ಪತ್ತೇಳನೆಯ ದಿನ ಸಾವಿರದ ನೂರ ಇಪ್ಪತ್ತು. ಇಪ್ಪತ್ತು ಗ್ರಾಮು ಏರಿದ ದಿನ ಪ್ರಸೀತ ಎರಡು ಗುಟುಕು ಹೆಚ್ಚು ಗಂಜಿ ಕುಡಿಯುತ್ತಿದ್ದಳು. ಇಪ್ಪತ್ತು ಗ್ರಾಮು ಎಂದಾಗಲೆಲ್ಲ ಅವನಿಗೆ ವಡಗರೆಯ ಮೀನು ಮಾರುವ ಪಾತುಮ್ಮ ನೆನಪಾಗುತ್ತಿದ್ದಳು. ಅವಳ ಅರ್ಧ ಕೆ.ಜಿ. ಬಟ್ಟಿನ ತಳದ ಸೀಸ ಉದುರಿಹೋಗಿ ಸರಿಯಾಗಿ ಇಪ್ಪತ್ತು ಗ್ರಾಮು ಕಡಿಮೆಯಿತ್ತು. ಸಂತೆಯ ಜನರೆದುರು ಅದನ್ನು ವಶಪಡಿಸಿಕೊಂಡಿದ್ದ. ಇಪ್ಪತ್ತು ಗ್ರಾಮು ಅಂದರೆ ಒಂದು ಮತ್ತಿಮೀನಿನ ತಲೆ, ಅದಕ್ಕೆ ಜೀಪು ತಗೊಂಡು ಬಂದ್ರಾ ಸಾರೇ, ಎಂದು ಅವಳು ಕೇಳಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕಿದ್ದರು. ನಿಯಮ ನಿಯಮವೇ ಎಂದು ಹೇಳಿ ಬಂದಿದ್ದ. ಯಾವ ಅಂಗಡಿಯಲ್ಲೂ ಒಂದು ಬಾಳೆಹಣ್ಣನ್ನೂ ಬಿಟ್ಟಿ ತಿನ್ನದವನು ಎಂಬ ಹೆಸರಿತ್ತು ಅವನಿಗೆ. ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಹೊರಗೆ ಬಂದು ಮೆಟ್ಟಿಲಿನ ಹತ್ತಿರದ ಬೆಂಚಿನಲ್ಲಿ ಕೂತ. ಹನ್ನೆರಡೂವರೆಗೆ ಡಾಕ್ಟರು ಅಪ್ಪ-ಅಮ್ಮಂದಿರ ಜೊತೆ ಮಾತಾಡುತ್ತಾರೆ. ಇನ್ನೂ ಹನ್ನೊಂದೂಕಾಲು. ಈ ಬೆಂಚಿನಲ್ಲೇ ಅವನು ಒಂದೊಂದು ಕೆಟ್ಟ ಸುದ್ದಿಯನ್ನೂ ಅರಗಿಸಿಕೊಂಡದ್ದು. ಆರನೆಯ ದಿನ ತಲೆಯೊಳಗೆ ಸ್ವಲ್ಪ ರಕ್ತ ಒಸರಿದೆ ಎಂದರು. ಆಮೇಲೆ ಅದು ಹೆಚ್ಚಲಿಲ್ಲ ಎಂದರು. ಹದಿಮೂರನೆಯ ದಿನ ಹೊಟ್ಟೆ ಉಬ್ಬಿ, ಕೊಡುತ್ತಿದ್ದ ಮೂರು ಮಿಲಿ ಹಾಲನ್ನೂ ನಿಲ್ಲಿಸಿದರು. ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ ಅಂತಾರೆ, ಇದಕ್ಕೆ ಹಾಲೂ ಇಲ್ಲ, ಎಂದು ಫೋನಿನಲ್ಲಿ ಅವನ ತಾಯಿ ಕೌಸುಅಮ್ಮ ಅತ್ತಿದ್ದಳು. ಆ ವಾರದಲ್ಲೇ ಹನ್ನೊಂದನೆಯ ಪೆಟ್ಟಿಗೆ ಖಾಲಿಯಾಯಿತು. ಕೊಂಡೋಟಿಯ ಷಂಸುವಿನ ಮಗ ಅದರಲ್ಲಿ ಒಂಬತ್ತು ದಿನ ಇದ್ದ. ಹೊರಡುವ ಮುಂಚೆ ಷಂಸು ಇದೇ ಮೆಟ್ಟಿಲಿನ ಕೆಳಗೆ ವತ್ಸರಾಜನಿಗೆ ಹಾಲಿಲ್ಲದ ಒಂದು ಸುಲೈಮಾನಿ ಚಹಾ ಕೊಡಿಸಿದ, ತಾನೂ ಕುಡಿದ. ಅಳುತ್ತಿರಲಿಲ್ಲ. ಗ್ಲಾಸಿನ ತಳದ ಚಹಾಪುಡಿ ನೋಡುತ್ತಾ ಹೇಳಿದ, "ನಮ್ಮಪ್ಪನ ಹೆಸರು ಇಟ್ಟುಬಿಟ್ಟಿದ್ದೆ ಕಣ್ರೀ, ಹುಟ್ಟಿದ ದಿನವೇ. ಇನ್ನು ಮುಂದಿನವನಿಗೆ ಆ ಹೆಸರಿಡೋಕೆ ಇವಳು ಬಿಡಲ್ಲ. ಹೆಸರೂ ಅವನ ಜೊತೆ ಮಣ್ಣಿಗೆ ಹೋಯ್ತು." ವತ್ಸರಾಜನ್ ಅವನ ಗ್ಲಾಸನ್ನೂ ತಾನೇ ತೆಗೆದುಕೊಂಡು ಹೋಗಿ ಕಟ್ಟೆಯ ಮೇಲಿಟ್ಟ. ಆ ಮಾತು ಮಾತ್ರ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಅವರದ್ದೂ ಒಂದು ಹೆಸರಿತ್ತು. ಮದುವೆಯಾದ ಹೊಸದರಲ್ಲಿ, ಪಯ್ಯೋಳಿಯ ಕಡಲ ದಂಡೆಯಲ್ಲಿ ಕಡಲೆ ತಿನ್ನುತ್ತಾ, ಪ್ರಸೀತ ಆರಿಸಿದ್ದ ಹೆಸರು. ಗಂಡಾದರೆ ನೀವು ಇಡಿ, ಹೆಣ್ಣಾದರೆ ಇದೇ, ಎಂದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಅವನು ಚುಡಾಯಿಸಿದ್ದ. ಆಮೇಲೆ ಹನ್ನೊಂದು ವರ್ಷ ಕೂಸೂ ಇಲ್ಲ, ಕುಲಾವಿಯೂ ಇಲ್ಲ. ಎರಡು ಸಲ ಮೂರನೆಯ ತಿಂಗಳಿಗೇ ಹೋಯಿತು. ಆ ಹೆಸರನ್ನು ಇಬ್ಬರೂ ಎತ್ತುವುದನ್ನು ನಿಲ್ಲಿಸಿದರು. ಬೀರುವಿನ ಮೇಲಿನ ಅರೆಯಲ್ಲಿ ಒಳ್ಳೆಯ ಸೀರೆ ಎತ್ತಿಟ್ಟ ಹಾಗೆ ಅದು ಎಲ್ಲೋ ಇತ್ತು, ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಈ ಸಲ ಏಳನೆಯ ತಿಂಗಳಿಗೆ ಕಾಲಿಡುತ್ತಲೇ ಶಾಲೆಯ ಸ್ಟಾಫ್ ರೂಮಿನಲ್ಲಿ ಅವಳಿಗೆ ನೋವು ಬಂದು, ಮೂರು ಗಂಟೆಯೊಳಗೆ ಎಲ್ಲ ಮುಗಿದು, ಯಾರೋ ಒಬ್ಬ ಡಾಕ್ಟರು ಅವನೆದುರು ಒಂದು ಕಾಗದ ಹಿಡಿದು ಸಹಿ ಮಾಡಿ ಎಂದರು. ಕಾಗದದಲ್ಲಿ ಮಗುವಿನ ಹೆಸರು ಎಂಬಲ್ಲಿ ಒಂದು ಗೆರೆ ಎಳೆದಿತ್ತು.

ಇಪ್ಪತ್ತೆಂಟು ಕಟ್ಟುವ ಮಾತು ತೆಗೆದದ್ದು ಕೌಸುಅಮ್ಮ. ಇಪ್ಪತ್ತೆಂಟನೆಯ ದಿನ ಅಪ್ಪನಾದವನು ಕೂಸಿನ ಸೊಂಟಕ್ಕೆ ಕರಿ ದಾರದ ಉಡಿದಾರ ಕಟ್ಟಬೇಕು, ಒಂದು ಕಿವಿಗೆ ವೀಳ್ಯದೆಲೆ ಮುಚ್ಚಿ ಇನ್ನೊಂದು ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಆಸ್ಪತ್ರೆಯಲ್ಲಿ ಉಂಗುರಕ್ಕೂ ಗಡಿಯಾರಕ್ಕೂ ಜಾಗವಿಲ್ಲ ಅಮ್ಮ, ಮನೆಗೆ ಬಂದ ಮೇಲೆ ನೋಡೋಣ ಎಂದ. ಇಪ್ಪತ್ತೇಳನೆಯ ದಿನ ಅವಳು ಪಯ್ಯೋಳಿಯಿಂದ ಬಸ್ಸು ಹತ್ತಿ ಬಂದೇ ಬಿಟ್ಟಳು. ಊಟದ ಹೊತ್ತಿಗೆ ಬಂದು, ಬಾಳೆಲೆಯ ಬುತ್ತಿ ಬಿಚ್ಚಿ ಮಗ ಸೊಸೆ ಇಬ್ಬರಿಗೂ ಬಡಿಸಿ, ಪ್ರಸೀತ ಕೈ ತೊಳೆಯಲು ಹೋದ ಹೊತ್ತು ನೋಡಿ ರವಿಕೆಯೊಳಗಿಂದ ಒಂದು ಪುಟ್ಟ ಕಾಗದದ ಪೊಟ್ಟಣ ತೆಗೆದು ಅವನ ಅಂಗೈಯಲ್ಲಿಟ್ಟಳು. ಊರ ದೇವರ ಕಾವಿನ ಗುಡಿಯಲ್ಲಿ ಮೂರು ದಿನ ದೀಪದ ಬುಡದಲ್ಲಿ ಇಡಿಸಿದ ದಾರ. "ದಾರ ಕಟ್ಟದ ಕೂಸು ಇನ್ನೂ ಆ ಕಡೇದು ಕಣೋ ವತ್ಸಾ. ಯಾರು ಬೇಕಾದ್ರೂ ಕರ್ಕೊಂಡು ಹೋಗಬಹುದು. ಕಟ್ಟಿದ ಮೇಲೆ ನಮ್ಮದು." ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಒಂದು ಬಗೆಯ ಹಟವಿತ್ತು. ಹೊತ್ತು ಹತ್ತರಿಂದ ಹನ್ನೊಂದೂವರೆ ಎಂದೂ ಹೇಳಿ, ಎರಡು ಗಂಟೆಯ ಬಸ್ಸಿಗೆ ಹೋದಳು.

ಮರುದಿನ, ಇಪ್ಪತ್ತೆಂಟನೆಯ ಬೆಳಿಗ್ಗೆ, ಪ್ರಸೀತಳಿಗೆ ಮೂಗು ಸೋರುತ್ತಿತ್ತು. ನಾಲ್ಕು ದಿನದಿಂದ ಅವಳು ದಿನಕ್ಕೊಂದು ಗಂಟೆ ಕೂಸನ್ನು ಬರಿ ಎದೆಗೆ ಅವಚಿಕೊಂಡು ಕೂರುತ್ತಿದ್ದಳು. ಶೀತ ಇರುವವರು ಒಳಗೆ ಬರುವಂತಿಲ್ಲ. ಹಾಗಾದರೆ ಅಪ್ಪ ಕೂರಲಿ ಎಂದರು ತ್ರೇಸ್ಯಾಮ್ಮ. ನಾನಾ ಎಂದ. ಅಪ್ಪನಿಗೂ ಎದೆ ಇದೆಯಲ್ಲ ಎಂದರು. ಪರದೆಯ ಹಿಂದೆ ಒರಗು ಕುರ್ಚಿಯಲ್ಲಿ ಅಂಗಿ ಕಳಚಿ, ಮುಂದೆ ತೆರೆದ ಹಸಿರು ನಿಲುವಂಗಿ ತೊಟ್ಟು ಕೂತಾಗ ಅವನಿಗೆ ತನ್ನ ಬೊಜ್ಜು, ಎದೆಯ ನರೆತ ಕೂದಲು ಎಲ್ಲ ನಾಚಿಕೆ ತಂದಿತು. ಕೂಸನ್ನು ತಂದು ಎದೆಯ ಮೇಲೆ ಇಟ್ಟರು. ಅದು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಹತ್ತು ವರ್ಷ ಬಟ್ಟು ಹಿಡಿದು ಹಿಡಿದು, ಕಣ್ಣು ಮುಚ್ಚಿ ಕೊಟ್ಟರೂ ಐದು ಗ್ರಾಮು ಆಚೀಚೆ ಹೇಳಬಲ್ಲ ಕೈ ಅವನದು. ಆ ಕೈಗೆ ಏನೂ ಗೊತ್ತಾಗಲಿಲ್ಲ. ಬಿಸಿ ಮಾತ್ರ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಅವಳು ಮುಖ ಹೊರಳಿಸಿ, ಕೆನ್ನೆಯನ್ನು ಅವನ ಎದೆಗೂಡಿಗೆ ಒತ್ತಿ, ನಿಟ್ಟುಸಿರಿನಂಥದ್ದೊಂದು ಬಿಟ್ಟಳು. ಇಷ್ಟು ಸುಖವನ್ನು ತಾನು ಯಾರಿಗೂ ಕೊಟ್ಟಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ದಾರ ಅವನು ಉಟ್ಟ ಪಂಚೆಯ, ಮುಂಡಿನ, ಸೊಂಟದ ಮಡಿಕೆಯಲ್ಲಿತ್ತು. ಜೇಬು ನೋಡುವವರುಂಟು, ಮುಂಡಿನ ಮಡಿಕೆ ನೋಡುವವರು ಯಾರು? ಬೆಳಿಗ್ಗೆ ಬಚ್ಚಲಲ್ಲಿ ಅದಕ್ಕೆ ಕೈಗೆ ಹಚ್ಚುವ ದ್ರಾವಣ ಎರಡು ಸಲ ಹಚ್ಚಿ ಉಜ್ಜಿದ್ದ. ಹಾಗೆ ಉಜ್ಜಿದರೆ ನಿಯಮ ಮುರಿದ ಹಾಗಾಗಲಿಲ್ಲ ಎಂದು ತನಗೆ ತಾನೇ ಮುದ್ರೆ ಒತ್ತಿಕೊಂಡಿದ್ದ. ಹತ್ತೂ ಮುಕ್ಕಾಲಿಗೆ ತ್ರೇಸ್ಯಾಮ್ಮ ಷೈನಿಯ ಎರಡನೆಯ ಕೂಸಿನ ಹತ್ತಿರ ಹೋದರು. ಅವನು ಎರಡು ಬೆರಳಿನಿಂದ ದಾರ ಎಳೆದು, ಹೊದೆಸಿದ ಬಟ್ಟೆಯಡಿಯಲ್ಲಿ ಅವಳ ಸೊಂಟಕ್ಕೆ ಸುತ್ತಿ, ಗಂಟು ಹಾಕದೆ ಸುಮ್ಮನೆ ತಿರುಚಿ ಹಿಡಿದ. ಇನ್ನೊಂದು ಕೈಯ ಬೆರಳಿನಿಂದ ಟೋಪಿಯ ಅಂಚು ಸರಿಸಿದ. ವೀಳ್ಯದೆಲೆ ಇರಲಿಲ್ಲ, ಕೆಳಗಿನ ಕಿವಿಗೆ ಅವನ ಎದೆಯೇ ಒತ್ತಿತ್ತು. ಬಾಯಿ ಕಿವಿಯ ಹತ್ತಿರ ತಂದ. ಬೇಳೆಯಷ್ಟು ಕಿವಿ. ಹೆಸರು ನಾಲಗೆಗೆ ಬಂತು. ಅಷ್ಟರಲ್ಲಿ ತ್ರೇಸ್ಯಾಮ್ಮ ತಿರುಗಿ ಬಂದರು, ಅವನು ದಾರ ಎಳೆದುಕೊಂಡ, ಹೆಸರು ಹೇಳಲಾಗಲಿಲ್ಲ. ಹೀಗೆ ನಡೆಯಿತೆಂದು ಅವನು ಎರಡು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದ. ಕಟ್ಟಿದೆ ಅಮ್ಮ, ಎಂದು ಫೋನು ಮಾಡಿ ಹೇಳಿದ. ಹೆಸರು ಹೇಳಿದ್ಯಾ ಎಂದಳು. ಹೂಂ ಎಂದ. ಇನ್ನು ನನ್ನ ಮೊಮ್ಮಗಳಿಗೆ ಏನೂ ಆಗಲ್ಲ ಬಿಡು, ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಪಾಯಸ ಹಂಚಿದಳು.

ನಿನ್ನೆ ಮಧ್ಯಾಹ್ನದಿಂದ ಕೂಸು ಉಸಿರು ಮರೆಯುವುದು ಹೆಚ್ಚಾಯಿತು. ಅಂಗಾಲು ತಟ್ಟಿದರೂ ನೆನಪಾಗಲಿಲ್ಲ. ಸಂಜೆ ಯಂತ್ರ ಹಾಕಿದ ಮೇಲೆ ಸಿಸ್ಟರ್ ಎಲ್ಲ ಅಪ್ಪ-ಅಮ್ಮಂದಿರನ್ನೂ ನಿಲ್ಲಿಸಿ, ಯಾರ ಮೇಲೂ ಹೇಳುತ್ತಿಲ್ಲ, ಆದರೆ ಕೈ ತೊಳೆಯುವುದರಲ್ಲಿ ಸಡಿಲ ಮಾಡಬೇಡಿ, ಹೊರಗಿನ ಒಂದು ವಸ್ತುವೂ ಒಳಗೆ ಬರಬಾರದು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಮುಂಡಿನ ಮಡಿಕೆಗೆ ಹೋಯಿತು. ಯಾರೂ ನೋಡಲಿಲ್ಲ. ದೀಪದ ಎಣ್ಣೆ, ಅರಿಶಿನ, ತಾಯಿಯ ಬೆವರು, ಬಸ್ಸಿನ ಕಂಬಿ, ಅವನ ಸೊಂಟ. ಆ ದಾರ ದಾಟಿ ಬಂದ ದಾರಿಯನ್ನೆಲ್ಲ ಅವನು ಬೆಳಗಾಗುವವರೆಗೆ ನಡೆದ. ಈಗ ಬೆಂಚಿನಲ್ಲಿ ಕೂತವನಿಗೆ ಒಂದೇ ಪ್ರಶ್ನೆ. ಹೇಳಿದರೆ, ಯಾವ ನಂಜು ಎಂದು ತಿಳಿಯಲು ಡಾಕ್ಟರಿಗೆ ಸುಳಿವು ಸಿಗಬಹುದು, ಸರಿಯಾದ ಔಷಧ ಬೇಗ ಸಿಗಬಹುದು. ಹೇಳಿದರೆ ಇನ್ನು ಒಳಗೆ ಬಿಡದಿರಬಹುದು. ಕೂಸನ್ನು ನೋಡುವುದೇ ತಪ್ಪಬಹುದು. ಬಾಯಿ ಬಿಟ್ಟರೆ ಬಣ್ಣಗೇಡು. ಪಾತುಮ್ಮನ ಬಟ್ಟಿನ ಇಪ್ಪತ್ತು ಗ್ರಾಮಿಗೆ ಜೀಪು ತಂದವನು ಈಗ ಒಂದು ದಾರಕ್ಕೆ ಹೀಗೆ ಒದ್ದಾಡುತ್ತಾ ಕೂತಿದ್ದ. ಹನ್ನೆರಡೂವರೆ ಆಯಿತು. ಪ್ರಸೀತ ಶೀತದ ಕಾರಣಕ್ಕೆ ತಾಯಂದಿರ ಕೋಣೆಯಲ್ಲೇ ಉಳಿದಿದ್ದಳು. ಅವನೊಬ್ಬನೇ ಹೋದ.

ಡಾಕ್ಟರ್ ನಸೀಹ ಮೂವತ್ತೈದರ ಹೆಂಗಸು, ಮಾತು ಕಡಿಮೆ. ಎದುರು ಇಬ್ಬರು ಕಲಿಯುವ ಡಾಕ್ಟರುಗಳು ನಿಂತಿದ್ದರು. ಔಷಧ ಶುರುವಾಗಿದೆ, ರಾತ್ರಿಯಿಂದ ಇನ್ನೂ ಕೆಟ್ಟಿಲ್ಲ, ಅಷ್ಟನ್ನೇ ಒಳ್ಳೆಯ ಸುದ್ದಿ ಎಂದುಕೊಳ್ಳಿ, ರಕ್ತ ಪರೀಕ್ಷೆಯ ಫಲ ನಾಳೆ ಬರುತ್ತದೆ ಎಂದರು. ಏನಾದರೂ ಕೇಳುವುದಿದೆಯೇ ಎಂದರು. ಅವನು ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದ. ಅರ್ಧ ಮೊಳದ ಕರಿ ದಾರ ಹುಳುವಿನ ಹಾಗೆ ಸುರುಳಿ ಸುತ್ತಿ ಬಿದ್ದಿತ್ತು. ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಎಲ್ಲೆಲ್ಲಿ ಇಟ್ಟಿದ್ದದ್ದು, ಏನು ಹಚ್ಚಿದ್ದು, ಎಲ್ಲವನ್ನೂ ವರದಿ ಒಪ್ಪಿಸುವ ಹಾಗೆ ಒಂದೇ ದನಿಯಲ್ಲಿ ಹೇಳಿದ. ಕಲಿಯುವ ಡಾಕ್ಟರುಗಳಲ್ಲಿ ಒಬ್ಬ ಇನ್ನೊಬ್ಬನ ಮುಖ ನೋಡಿ ತುಟಿ ಕಚ್ಚಿಕೊಂಡ. ನಸೀಹ ಅವರಿಬ್ಬರನ್ನೂ ಹೊರಗೆ ಕಳಿಸಿದರು. ಅದು ಅವನಿಗೆ ಇನ್ನೂ ಕಷ್ಟವಾಯಿತು.

"ಇದರಿಂದಲೇ ಬಂತು ಅಂತ ನಾನು ಹೇಳಲ್ಲ," ಎಂದರು ಅವರು. "ಇದರಿಂದ ಅಲ್ಲ ಅಂತಲೂ ಹೇಳಲ್ಲ. ಕೈಗೆ ಹಾಕಿದ ನಳಿಕೆಯಿಂದ ಬಂದಿರಬಹುದು. ನಮ್ಮ ಕೈಯಿಂದಲೇ ಬಂದಿರಬಹುದು. ನಾಳೆ ಯಾವ ನಂಜು ಅಂತ ಗೊತ್ತಾಗುತ್ತೆ, ಯಾರ ಕೈ ಅಂತ ಯಾವತ್ತೂ ಗೊತ್ತಾಗಲ್ಲ."

ಔಷಧ ಬದಲಿಸಬೇಕೇ ಎಂದು ಕೇಳಿದ. ಬೇಡ, ಕೊಡುತ್ತಿರುವುದು ಇದಕ್ಕೂ ಆಗುತ್ತದೆ, ಆದರೂ ಹೇಳಿದ್ದು ಒಳ್ಳೆಯದಾಯಿತು, ಬರೆದುಕೊಳ್ಳುತ್ತೇನೆ ಎಂದರು. ನನ್ನನ್ನು ಒಳಗೆ ಬಿಡುತ್ತೀರಾ ಎಂದ. ಅವರು ತಲೆಯೆತ್ತಿ ನೋಡಿದರು. ಬಿಡದೆ, ಕೂಸಿಗೆ ಅಪ್ಪನನ್ನು ಎಲ್ಲಿಂದ ತರಲಿ, ಇನ್ನೊಂದು ಸಲ ಮಾತ್ರ ಹೀಗೆ ಮಾಡಬೇಡಿ ಎಂದರು. ಬೈದಿದ್ದರೆ, ಒಂದು ವಾರ ಬರಬೇಡ ಎಂದಿದ್ದರೆ, ಆ ಶಿಕ್ಷೆ ಅನುಭವಿಸಿ ಹಗುರಾಗಬಹುದಿತ್ತು. ಅವನು ದಾರ ಎತ್ತಿಕೊಳ್ಳಲು ಹೋದಾಗ ಅವರು ತಡೆದು, ತಾವೇ ಇಕ್ಕಳದಲ್ಲಿ ಹಿಡಿದು ಕಸದ ಹಳದಿ ಬುಟ್ಟಿಗೆ ಹಾಕಿದರು. "ನಿಮ್ಮ ಹೆಂಡತಿಗೆ ನೀವೇ ಹೇಳಿ. ನಮ್ಮ ಕಾಗದದಲ್ಲಿ ಓದಿ ತಿಳಿಯೋ ಹಾಗೆ ಆಗಬಾರದು."

ತಾಯಂದಿರ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಪ್ರಸೀತ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾಲಿನ ಬಾಟಲಿಗೆ ಮುಚ್ಚಳ ತಿರುಗಿಸುತ್ತಿದ್ದಳು. ಕೂಸಿಗೆ ಹಾಲು ನಿಲ್ಲಿಸಿದರೂ ಮೂರು ಗಂಟೆಗೊಮ್ಮೆ ಹಿಂಡಿ ತೆಗೆದು ಫ್ರೀಜರಿಗೆ ಕೊಡುತ್ತಿದ್ದಳು. ಮೂಗು ಕೆಂಪಾಗಿತ್ತು. ಡಾಕ್ಟರು ಹೇಳಿದ್ದನ್ನು ಹೇಳಿದ. ಆಮೇಲೆ, ಅವಳ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಾ ದಾರದ್ದನ್ನು ಹೇಳಿದ. ಅವಳು ಸಿಟ್ಟಾಗುತ್ತಾಳೆ, ಹೀಗೆ ಮಾಡುತ್ತೀರಾ ಎಂದು ಕೂಗುತ್ತಾಳೆ, ಒಳಗಿನ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ ಎಂದುಕೊಂಡಿದ್ದ. ಅವಳು ಬಾಟಲಿಯ ಮೇಲೆ ಪೆನ್ನಿನಿಂದ ಹೊತ್ತು ಬರೆದಳು. ಅಮ್ಮ ಹೇಳಿದರೆಂದು ಕಟ್ಟಿದಿರಾ, ನಿಮಗೂ ಬೇಕಿತ್ತಾ ಎಂದು ಕೇಳಿದಳು. ನನಗೂ ಬೇಕಿತ್ತು ಎಂದ. ಅವಳು ತಲೆಯಾಡಿಸಿದಳು. ಶೀತ ಇದ್ದದ್ದು ನನಗೆ, ಹಿಂದಿನ ದಿನ ಎದೆಗೆ ಅವಚಿಕೊಂಡದ್ದೂ ನಾನೇ, ನಾನೇ ಕೊಟ್ಟೆ ಎಂದು ನಿನ್ನೆಯಿಂದ ಕೂತಿದ್ದೇನೆ ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ತಾನು ಒಬ್ಬನೇ ಹೊತ್ತಿದ್ದೇನೆಂದುಕೊಂಡ ಹೊರೆಯ ಇನ್ನೊಂದು ತುದಿಯಲ್ಲಿ ಇವಳೂ ಇದ್ದಳಲ್ಲ ಎಂದು ಅವನಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಅದರ ಹಿಂದೆಯೇ ಅವಳು ಕೇಳಿದಳು.

"ಹೆಸರು ಹೇಳಿದ್ರಾ ಕಿವಿಯಲ್ಲಿ?"

ಹೂಂ ಎನ್ನಬಹುದಿತ್ತು. ತಾಯಿಗೆ ಅಂದ ಹೂಂ ಇನ್ನೂ ಬಾಯಲ್ಲೇ ಇತ್ತು. ಇಲ್ಲ ಎಂದ.

"ಯಾಕೆ?"

"ಸಿಸ್ಟರ್ ಬಂದ್ರು."

ಅಂಗಡಿಯಲ್ಲಿ ಸುಳ್ಳು ಬಟ್ಟು ಹಿಡಿದವರು ತನ್ನೆದುರು ಹೇಗೆ ನಿಲ್ಲುತ್ತಿದ್ದರೆಂದು ಅವನಿಗೆ ಗೊತ್ತಿತ್ತು: ಕಣ್ಣು ತಕ್ಕಡಿಯ ಮೇಲೆ, ಕೈ ಸೊಂಟದ ಮೇಲೆ. ತ್ರೇಸ್ಯಾಮ್ಮ ಬಂದದ್ದು ಆಮೇಲೆ. ಅವನು ಕಿವಿಯ ಹತ್ತಿರ ಬಾಯಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದ. ಅವಳ ಟೋಪಿಯ ಎಳೆ ತುಟಿಗೆ ಚುಚ್ಚುತ್ತಿತ್ತು. ಕೊಂಡೋಟಿಯ ಷಂಸುವಿನ ಚಹಾಗ್ಲಾಸು ಕಣ್ಣೆದುರಿತ್ತು. ಹೆಸರು ಹಲ್ಲಿನ ಹಿಂದೆ ನಿಂತಿತ್ತು, ಅವನು ಹಲ್ಲು ಕಚ್ಚಿ ಹಿಡಿದಿದ್ದ.

"ಸಿಸ್ಟರ್ ಬಂದದ್ದು ಆಮೇಲೆ," ಎಂದ. "ನಾನೇ ಹೇಳಲಿಲ್ಲ. ಇಟ್ಕೊಂಡೆ."

"ಇಟ್ಕೊಂಡೆ ಅಂದ್ರೆ?"

"ಇವಳು ಉಳೀದೇ ಹೋದ್ರೆ, ಮುಂದೆ ಯಾವತ್ತಾದ್ರೂ ಬೇಕಾಗುತ್ತೆ ಅಂತ. ಒಳ್ಳೆ ಹೆಸರು. ಹಾಳಾಗಬಾರದು ಅಂತ."

ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೆ ಕೇಳಿಸಿತು. ಎದೆಯ ಮೇಲೆ ಮಲಗಿ ನಿಟ್ಟುಸಿರು ಬಿಟ್ಟ ಮಗುವಿನಿಂದ, ಅದೇ ಹೊತ್ತಿನಲ್ಲಿ, ಅವನು ಅಷ್ಟನ್ನು ಕಡಿಮೆ ತೂಗಿದ್ದ. ದಾರಕ್ಕೆ ದ್ರಾವಣ ಹಚ್ಚಿ ಉಜ್ಜಬಹುದಿತ್ತು. ಇದಕ್ಕೆ ಹಚ್ಚುವಂಥದ್ದು ಏನೂ ಇರಲಿಲ್ಲ. ಅವನಿಗೆ ಪ್ರಸೀತಳ ಕಾಲು ಹಿಡಿಯಬೇಕೆನಿಸಿತು, ಎದ್ದು ಓಡಿಹೋಗಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಬೆಂಚಿನ ಅಂಚು ಹಿಡಿದು ಕೂತ. ಪಡಸಾಲೆಯ ಆ ತುದಿಯಲ್ಲಿ ಯಾರೋ ಸ್ಟೀಲ್ ಡಬ್ಬಿ ಬೀಳಿಸಿದರು, ಮುಚ್ಚಳ ಉರುಳಿಕೊಂಡು ಹೋಯಿತು, ಒಬ್ಬಳು ಮುದುಕಿ ಅದರ ಹಿಂದೆ ಹೋದಳು.

"ಯಾರಿಗೆ, ಏಟ್ಟ?" ಎಂದಳು ಪ್ರಸೀತ, ಗಂಡನನ್ನು ಯಾವಾಗಲೂ ಕರೆಯುವ ಹಾಗೇ. ಅವಳಿಗೆ ಮೂವತ್ತೆಂಟು, ಅವನಿಗೆ ನಲವತ್ತಮೂರು. "ಯಾರಿಗೆ ಇಟ್ಕೊಂಡ್ರಿ?"

ಅವಳು ಮುಖದ ಬಟ್ಟೆ ಸರಿಸಿ ಮೂಗು ಒರೆಸಿಕೊಂಡಳು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು.

"ನಾನು ಮೊದಲ ದಿನದಿಂದಲೂ ಕರೀತಾ ಇದ್ದೀನಿ. ನನ್ನನ್ನ ಗಾಲಿಕುರ್ಚಿಯಲ್ಲಿ ಕರ್ಕೊಂಡು ಹೋದ್ರಲ್ಲ, ಅವತ್ತಿಂದ. ಕಿಂಡಿಗೆ ಬಾಯಿಟ್ಟು ಕರೀತೀನಿ. ಉಸಿರು ಮರೆತಾಗ ಆ ಹೆಸರು ಹಿಡಿದು ಬೈದಿದ್ದೀನಿ ಕೂಡ. ಅವಳಿಗೆ ತನ್ನ ಹೆಸರು ಗೊತ್ತು. ನಿಮ್ಮ ಬಾಯಲ್ಲಿ ಕೇಳಿಲ್ಲ, ಅಷ್ಟೆ."

ಅವನು ಅತ್ತ. ಹುಟ್ಟಿದ ದಿನ ಅಳಲಿಲ್ಲ, ಹದಿಮೂರನೆಯ ದಿನ ಅಳಲಿಲ್ಲ, ನಿನ್ನೆಯೂ ಅಳಲಿಲ್ಲ. ಈಗ ಪಡಸಾಲೆಯಲ್ಲಿ, ಬುತ್ತಿ ಬಿಚ್ಚುತ್ತಿದ್ದ ಜನರೆದುರು, ಅಂಗಿಯ ತೋಳಿಗೆ ಮುಖ ಒತ್ತಿ ಅತ್ತ. ಪ್ರಸೀತ ಅವನನ್ನು ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಅಳು ನಿಂತ ಮೇಲೆ, ನಾಲ್ಕು ಗಂಟೆಯ ಸರದಿ ಇದೆ, ನನ್ನನ್ನು ಹೇಗೂ ಬಿಡುವುದಿಲ್ಲ, ನೀವು ಹೋಗಿ, ಈ ಬಾಟಲಿಯನ್ನೂ ಕೊಟ್ಟುಬಿಡಿ ಎಂದಳು. ಕೊಡುವಾಗ ಅವಳ ಬೆರಳು ತಾಗಿತು. ಬಾಟಲಿ ಇನ್ನೂ ಬೆಚ್ಚಗಿತ್ತು.

ನಾಲ್ಕು ಗಂಟೆಗೆ ಅವನು ಕೈ ತೊಳೆದ. ಎರಡೇ ನಿಮಿಷ. ಒಂಬತ್ತನೆಯ ಪೆಟ್ಟಿಗೆಯ ಹತ್ತಿರ ತ್ರೇಸ್ಯಾಮ್ಮ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಡಾಕ್ಟರು ಹೇಳಿರಬೇಕು, ಅವನ ಮುಖ ನೋಡಿ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಕೂಸಿನ ಮೈ ಬೆಳಿಗ್ಗೆ ಇದ್ದ ಹಾಗೇ ಇತ್ತು. ಕಾಲಿನ ನೀಲಿ ಗೆರೆ ಕಡಿಮೆಯಾದಂತೆ ಕಂಡಿತು, ಬೆಳಕಿನ ವ್ಯತ್ಯಾಸವೂ ಇರಬಹುದು. ನಾಳೆ ಏನು ಹೇಳುತ್ತಾರೋ ಗೊತ್ತಿಲ್ಲ. ಅವನು ಕಿಂಡಿ ತೆರೆದ. ಒಳಗಿನ ಬಿಸಿ ಗಾಳಿ ಮುಖಕ್ಕೆ ಬಂತು. ಬಗ್ಗಿ, ಒಂದು ಬೆರಳನ್ನು ಅವಳ ಅಂಗೈಯಲ್ಲಿಟ್ಟು, ಬಾಯಿ ತೆರೆದ. ಹನ್ನೊಂದು ವರ್ಷ ಆಡದ ಮಾತು ಎಷ್ಟು ಗಟ್ಟಿಯಾಗಿ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಸಂತೆಯಲ್ಲಿ ಯಾರನ್ನೋ ಕೂಗಿದ ಹಾಗೆ ಕೇಳಿಸಿತು. ರಂಸೀನ ತಿರುಗಿ ನೋಡಿದಳು, ಆಚೆ ಯಾವುದೋ ಕೂಸು ಬೆಚ್ಚಿತು.

"ಮೆಲ್ಲಗೆ ಅಪ್ಪಾ," ಎಂದರು ತ್ರೇಸ್ಯಾಮ್ಮ, ಬರೆಯುವುದನ್ನು ನಿಲ್ಲಿಸದೆ. "ಕೇಳುತ್ತೆ ಅವಳಿಗೆ."

ಅವನು ಇನ್ನೂ ಬಗ್ಗಿ, ಮೆಲ್ಲಗೆ, ಎರಡನೆಯ ಸಲ ಕರೆದ.

"ಶಾರಿಕಾ."